ಕರ್ನಲ್‌ನಲ್ಲಿ ಯಾರೂ ಬಳಸದ ಕೋಡ್: ತೆಗೆಯೋದಾ, ಬಿಡೋದಾ?

ಹಾಸನದ ನಮ್ಮ ಸಣ್ಣ ಆಫೀಸಿಗೆ ಪ್ರತಿ ವರ್ಷ ಇಬ್ಬರೋ ಮೂವರೋ ಇಂಜಿನಿಯರಿಂಗ್ ಹುಡುಗರು ಇಂಟರ್ನ್‌ಶಿಪ್‌ಗೆ ಬರುತ್ತಾರೆ. ಲಿನಕ್ಸ್ ಕರ್ನಲ್ (ಹಾರ್ಡ್‌ವೇರನ್ನೂ ಪ್ರೋಗ್ರಾಮ್‌ಗಳನ್ನೂ ಜೋಡಿಸುವ ಲಿನಕ್ಸಿನ ತಿರುಳು) ತೆರೆದ ಮೊದಲ ವಾರದಲ್ಲೇ ಯಾರಾದರೂ ಒಬ್ಬರು ಈ ಮಾತು ಹೇಳೇ ಹೇಳುತ್ತಾರೆ: "ಸಾರ್, ಈ ಫಂಕ್ಷನ್‌ನ ಯಾರೂ ಕರೀತಿಲ್ಲ. ತೆಗೆದು ಪ್ಯಾಚ್ ಕಳಿಸ್ಲಾ?"

ಆಸೆ ತಪ್ಪಲ್ಲ. 3 ಕೋಟಿ ಸಾಲಿಗೂ ಜಾಸ್ತಿ ಇರುವ ಕೋಡ್ ಅದು. ಕಸ ಇಲ್ಲದೆ ಇರುತ್ತದಾ? ಆದರೆ ನಾನು ತಕ್ಷಣ ಹೂಂ ಅನ್ನುವುದಿಲ್ಲ. "ಯಾರೂ ಅಂದ್ರೆ ಯಾರು?" ಅಂತ ಕೇಳುತ್ತೇನೆ. ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ. ಈ ಪ್ರಶ್ನೆಗೆ ಉತ್ತರ ಹುಡುಕುವ ದಾರಿಯನ್ನೇ ಇಲ್ಲಿ ಬರೆದಿದ್ದೇನೆ. ನೀವು ಮೂಲ ಲಿನಕ್ಸ್‌ಗೆ ಪ್ಯಾಚ್ (ಕೋಡಿನ ತಿದ್ದುಪಡಿ) ಕಳಿಸುವವರಾದರೂ ಸರಿ, ನಮ್ಮ ಹಾಗೆ ಸಣ್ಣ ಕಂಪ್ಯೂಟರ್ ಪೆಟ್ಟಿಗೆಗಳಿಗೆ ಸ್ವಂತ ಕರ್ನಲ್ ಟ್ರೀ, ಅಂದರೆ ಕೋಡಿನ ಪೂರ್ತಿ ಪ್ರತಿ, ಇಟ್ಟುಕೊಂಡವರಾದರೂ ಸರಿ, ಕ್ರಮ ಹೆಚ್ಚುಕಮ್ಮಿ ಒಂದೇ.

ಮೊದಲು ಜಾತಿ ಗುರುತಿಸಿ

ಬಳಕೆಯಲ್ಲಿ ಇಲ್ಲದ ಕೋಡ್ ಎಲ್ಲವೂ ಒಂದೇ ಜಾತಿಯದಲ್ಲ.

ಒಂದೇ ಫೈಲಿನ ಒಳಗಿರುವ ಸ್ಟ್ಯಾಟಿಕ್ ಫಂಕ್ಷನ್ ಆದರೆ ಕೆಲಸ ಸುಲಭ. ಯಾರೂ ಕರೆಯದಿದ್ದರೆ ಕಂಪೈಲರೇ ಎಚ್ಚರಿಸುತ್ತದೆ. ತೆಗೆಯಿರಿ, ಮುಂದೆ ಹೋಗಿ. ಅದರ ಮೇಲೆ ಅರ್ಧ ದಿನ ಯೋಚಿಸುವುದು ದಂಡ.

ಎಕ್ಸ್‌ಪೋರ್ಟ್ ಮಾಡಿರುವ ಫಂಕ್ಷನ್ ಆದರೆ ಸ್ವಲ್ಪ ನಿಧಾನ. ಅದನ್ನು ಬೇರೆ ಮಾಡ್ಯೂಲ್ (ಬೇಕಾದಾಗ ಕರ್ನಲ್‌ಗೆ ಸೇರಿಸುವ ತುಂಡು) ಕರೆಯಬಹುದು. ಮೂಲ ಲಿನಕ್ಸಿನ ಪದ್ಧತಿ ಇಲ್ಲಿ ಖಡಕ್ಕಾಗಿದೆ: ಟ್ರೀಯ ಒಳಗೆ ಯಾರೂ ಬಳಸುತ್ತಿಲ್ಲ ಅಂದರೆ ಅದು ಹೋಗಬಹುದು. ಹೊರಗೆ ಯಾವುದೋ ಕಂಪನಿ ತನ್ನ ಮಾಡ್ಯೂಲ್‌ನಲ್ಲಿ ಕರೆಯುತ್ತಿದೆ ಅನ್ನುವುದು ಉಳಿಸಿಕೊಳ್ಳಲು ಕಾರಣವಾಗುವುದಿಲ್ಲ. ನಿಮ್ಮ ಸ್ವಂತ ಟ್ರೀ ಆದರೆ ಮಾತ್ರ ನಿಮ್ಮ ಹೊರಗಿನ ಮಾಡ್ಯೂಲ್‌ಗಳನ್ನೂ ಹುಡುಕಾಟಕ್ಕೆ ಸೇರಿಸಿಕೊಳ್ಳಿ.

ಮೂರನೆಯದು ಹಳೆಯ ಹಾರ್ಡ್‌ವೇರಿನ ಡ್ರೈವರ್, ಹಳೆಯ ಫೈಲ್ ಸಿಸ್ಟಮ್, ಹಳೆಯ ಪ್ರೊಟೊಕಾಲ್. ಇವುಗಳಲ್ಲಿ ಕೋಡ್ ಸರಿಯಾಗಿಯೇ ಜೋಡಣೆ ಆಗಿರುತ್ತದೆ, ಕರೆಯುವವರೂ ಇರುತ್ತಾರೆ. ಅದನ್ನು ಓಡಿಸುವ ಮನುಷ್ಯರು ಇದ್ದಾರಾ ಅನ್ನುವುದಷ್ಟೇ ಪ್ರಶ್ನೆ. ತಲೆನೋವು ಜಾಸ್ತಿ ಇರುವುದು ಇಲ್ಲೇ.

ನಾಲ್ಕನೆಯದು ಸಿಸ್ಟಮ್ ಕಾಲ್, ಐಆಕ್ಟಲ್, ಸಿಸ್‌ಎಫ್‌ಎಸ್ (ಕರ್ನಲ್ ತನ್ನ ಮಾಹಿತಿಯನ್ನು ಫೈಲಿನ ಹಾಗೆ ತೋರಿಸುವ ಜಾಗ) ಫೈಲ್‌ಗಳಂಥ, ಪ್ರೋಗ್ರಾಮ್‌ಗಳು ನೇರವಾಗಿ ಮುಟ್ಟುವ ಭಾಗ. ಅದಕ್ಕೆ ಆಮೇಲೆ ಬರುತ್ತೇನೆ.

ಗ್ರೆಪ್ ಮಾಡಿ, ಆದರೆ ಗ್ರೆಪ್ ಮಾತು ಪೂರ್ತಿ ನಂಬಬೇಡಿ

ಇಡೀ ಕೋಡಿನಲ್ಲಿ ಪದ ಹುಡುಕುವ ಆಜ್ಞೆ ಗಿಟ್ ಗ್ರೆಪ್, ಅದರಲ್ಲಿ ಹೆಸರು ಹುಡುಕುವುದು ಎಲ್ಲರಿಗೂ ಗೊತ್ತು. ಒಂದೇ ಕಡೆ ಸಿಕ್ಕಿತು, ಅಂದರೆ ಬರೆದಿದ್ದಾರೆ, ಕರೆದಿಲ್ಲ. ಅಷ್ಟಕ್ಕೇ ತೀರ್ಮಾನ ಮಾಡಿದರೆ ಕೆಟ್ಟಿರಿ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಒಂದು ಡ್ರೈವರಿನಲ್ಲಿ 'ಸ್ಟೇಟಸ್_ಶೋ' ಅಂತ ಫಂಕ್ಷನ್ ಇದೆ ಅಂದುಕೊಳ್ಳಿ. ಗ್ರೆಪ್ ಮಾಡಿದರೆ ಆ ಹೆಸರು ಆ ಫೈಲಿನಲ್ಲಿ ಒಂದೇ ಸಲ ಬರುತ್ತದೆ. ಆದರೆ ಎರಡು ಸಾಲು ಕೆಳಗೆ 'ಡಿವೈಸ್_ಆಟ್ರ್_ಆರ್‌ಒ' ಅನ್ನುವ ಮ್ಯಾಕ್ರೋ (ಕಂಪೈಲ್ ಆಗುವಾಗ ಪೂರ್ತಿ ಕೋಡಾಗಿ ಬಿಚ್ಚಿಕೊಳ್ಳುವ ಅಚ್ಚು) ಇದೆ, ಅದರ ಆವರಣದಲ್ಲಿ 'ಸ್ಟೇಟಸ್' ಅಂತ ಮಾತ್ರ ಬರೆದಿದೆ. ಆ ಮ್ಯಾಕ್ರೋ 'ಸ್ಟೇಟಸ್'ಗೆ '_ಶೋ' ಅಂಟಿಸಿ ಪೂರ್ತಿ ಹೆಸರು ತಾನೇ ಕಟ್ಟಿಕೊಳ್ಳುತ್ತದೆ. ನಿಮ್ಮ ಕಣ್ಣಿಗೆ ಅನಾಥವಾಗಿ ಕಂಡ ಫಂಕ್ಷನ್ ನಿಜಕ್ಕೂ ಸಿಸ್‌ಎಫ್‌ಎಸ್‌ನಲ್ಲಿ ಒಂದು ಫೈಲಾಗಿ ಕೂತಿರುತ್ತದೆ, ಯಾವುದೋ ಸ್ಕ್ರಿಪ್ಟ್ ಅದನ್ನು ನಿಮಿಷಕ್ಕೊಮ್ಮೆ ಓದುತ್ತಿರುತ್ತದೆ. ಸಿಸ್ಟಮ್ ಕಾಲ್‌ಗಳ ಕಥೆಯೂ ಇದೇ. 'ರೀಡ್' ಸಿಸ್ಟಮ್ ಕಾಲ್ ಎಲ್ಲಿ ಬರೆದಿದ್ದಾರೆ ಅಂತ ಅದರ ಪೂರ್ತಿ ಹೆಸರಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಅದೂ ಮ್ಯಾಕ್ರೋ ಒಳಗೆ ಅಡಗಿದೆ.

ಇಂಥ ಅಡಗುತಾಣ ಇನ್ನೂ ಇವೆ. ಡಿವೈಸ್ ಟ್ರೀಯಲ್ಲಿ (ಮಷೀನಿನಲ್ಲಿ ಯಾವ ಹಾರ್ಡ್‌ವೇರ್ ಇದೆ ಅನ್ನುವ ಪಟ್ಟಿ) ಬರೆದ 'ಕಂಪ್ಯಾಟಿಬಲ್' ಹೆಸರು ನೋಡಿ ಡ್ರೈವರ್ ತಾನಾಗಿ ಎದ್ದು ಬರುತ್ತದೆ. ಅಸೆಂಬ್ಲಿ ಫೈಲ್‌ನಿಂದ ಕರೆ ಬರಬಹುದು. ಸ್ಟ್ರಕ್ಟ್ ಒಳಗಿನ ಫಂಕ್ಷನ್ ಪಾಯಿಂಟರ್ ಮೂಲಕ ಬರಬಹುದು. ಲಿಂಕರ್ ಒಂದು ವಿಭಾಗದಲ್ಲಿ ಜೋಡಿಸಿಟ್ಟಿದ್ದನ್ನೆಲ್ಲ ಕರ್ನಲ್ ಬೂಟ್ ಆಗುವಾಗ ಸಾಲಾಗಿ ಓಡಿಸಬಹುದು, ಇನಿಟ್‌ಕಾಲ್‌ಗಳು ಹಾಗೇ ಓಡುವುದು. ಆದ್ದರಿಂದ ಪೂರ್ತಿ ಹೆಸರಿನ ಜೊತೆ ಅದರ ತುಂಡುಗಳನ್ನೂ ಹುಡುಕಿ. '_ಶೋ', '_ಸ್ಟೋರ್', '_ಆಪ್ಸ್' ಬಾಲ ಇರುವ ಹೆಸರು ಕಂಡರೆ ಕೈ ತಡೆಯಿರಿ.

ಆಮೇಲೆ ಬಿಲ್ಡ್. ತೆಗೆದು, 'ಆಲ್‌ಮಾಡ್‌ಕಾನ್ಫಿಗ್'ನಲ್ಲಿ (ಆದಷ್ಟನ್ನೂ ಮಾಡ್ಯೂಲಾಗಿ ಕಟ್ಟುವ ಸೆಟ್ಟಿಂಗ್) ಇಡೀ ಕರ್ನಲ್ ಕಟ್ಟಿ ನೋಡಿ. ನಿಮ್ಮ ಲ್ಯಾಪ್‌ಟಾಪಿನ ಎಕ್ಸ್86ಕ್ಕೆ ಮಾತ್ರ ಕಟ್ಟಿದರೆ ಸಾಲದು. ಆರ್ಮ್‌ನಲ್ಲಿ ಮಾತ್ರ ಕಂಪೈಲ್ ಆಗುವ ಫೈಲ್ ಅಲ್ಲಿ ಬರುವುದೇ ಇಲ್ಲ, ಎರರ್ ಇಲ್ಲ ಅಂತ ನೀವು ಖುಷಿ ಪಡುತ್ತೀರಿ. ಆರ್ಮ್, ಆರ್ಮ್64, ಪವರ್‌ಪಿಸಿ, ರಿಸ್ಕ್-5 ಇಷ್ಟಕ್ಕಾದರೂ ಕ್ರಾಸ್ ಕಂಪೈಲ್ ಮಾಡಿ, ಅಂದರೆ ನಿಮ್ಮ ಮಷೀನಿನಲ್ಲೇ ಬೇರೆ ಚಿಪ್‌ಗೆ ಕಟ್ಟಿ. ಹಳೆಯ ಮಷೀನಿನಲ್ಲಿ ಒಂದೊಂದಕ್ಕೂ ಗಂಟೆಗಟ್ಟಲೆ ಹಿಡಿಯುತ್ತದೆ. ಜೂನ್ ಮಳೆಯಲ್ಲಿ ನಾವು ಇದನ್ನು ರಾತ್ರಿ ಹಾಕಿ ಮನೆಗೆ ಹೋಗುತ್ತೇವೆ, ಬೆಳಿಗ್ಗೆ ಬಂದರೆ ಕರೆಂಟ್ ಹೋಗಿ ಅರ್ಧಕ್ಕೆ ನಿಂತಿರುತ್ತದೆ. ಅದಿರಲಿ.

ಹಳೆಯ ಕಮಿಟ್‌ಗಳನ್ನು ಓದಿ

ಒಂದು ಡ್ರೈವರ್ ಜೀವಂತ ಇದೆಯಾ ಅಂತ ತಿಳಿಯಲು ನನಗೆ ಗೊತ್ತಿರುವ ಒಳ್ಳೆಯ ದಾರಿ ಗಿಟ್ ಲಾಗ್, ಅಂದರೆ ಕಮಿಟ್‌ಗಳ (ದಾಖಲಾದ ಬದಲಾವಣೆಗಳ) ಪಟ್ಟಿ. ಎಷ್ಟು ಕಮಿಟ್ ಇವೆ ಅಂತ ಎಣಿಸಬೇಡಿ, ಎಂಥವು ಅಂತ ನೋಡಿ. ಕಾಗುಣಿತ ತಿದ್ದಿದ್ದು, ಲೈಸೆನ್ಸ್ ಸಾಲು ಬದಲಿಸಿದ್ದು, ಇಡೀ ಟ್ರೀಗೆ ಒಟ್ಟಿಗೆ ಮಾಡಿದ ಎಪಿಐ (ಕೋಡಿನ ಭಾಗಗಳು ಒಂದನ್ನೊಂದು ಕರೆಯುವ ರೀತಿ) ಬದಲಾವಣೆ, ಇವೆಲ್ಲ ಲೆಕ್ಕಕ್ಕಿಲ್ಲ. ಅದನ್ನೆಲ್ಲ ಮಾಡಿದವರ ಹತ್ತಿರ ಆ ಹಾರ್ಡ್‌ವೇರ್ ಇರಲೇಬೇಕು ಅಂತೇನಿಲ್ಲ. "ನನ್ನ ಕಾರ್ಡ್ ಕೆಲಸ ಮಾಡ್ತಿಲ್ಲ" ಅಂತ ಒಬ್ಬರು ದೂರು ಹೇಳಿ, ಇನ್ನೊಬ್ಬರು ಸರಿ ಮಾಡಿ, ದೂರು ಹೇಳಿದವರೇ ಪರೀಕ್ಷೆ ಮಾಡಿದ ಕಮಿಟ್ ಇದೆಯಲ್ಲ, ಅಂಥದ್ದು ಕೊನೆಯದಾಗಿ ಯಾವಾಗ ಬಂತು ಅಂತ ಹುಡುಕಿ. ಹತ್ತು ವರ್ಷದಿಂದ ಬಂದಿಲ್ಲ ಅಂದರೆ ಅನುಮಾನ ಪಡಲು ಜಾಗ ಇದೆ.

ಇನ್ನೂ ಗಟ್ಟಿ ಸಾಕ್ಷಿ ಒಂದಿದೆ. ಎಷ್ಟೋ ಬಾರಿ ಒಂದು ಡ್ರೈವರ್ ವರ್ಷಗಳ ಹಿಂದೆಯೇ ಯಾವುದೋ ಬದಲಾವಣೆಯಲ್ಲಿ ಮುರಿದಿರುತ್ತದೆ, ಯಾರೂ ಕೇಳಿರುವುದಿಲ್ಲ. ಮುರಿದಿದ್ದೇ ಗೊತ್ತಾಗಿಲ್ಲ ಅಂದರೆ ಬಳಸುವವರಿಲ್ಲ ಅಂತಲೇ ಅರ್ಥ, ಅಲ್ವಾ? ನಿಮ್ಮ ಕಮಿಟ್ ಸಂದೇಶದಲ್ಲಿ ಇದಕ್ಕಿಂತ ಜೋರಾದ ವಾದ ಬೇರೆ ಬೇಕಿಲ್ಲ.

ಮೇಂಟೇನರ್ಸ್ ಫೈಲ್ ಕೂಡ ತೆರೆಯಿರಿ. ಪ್ರತಿ ಭಾಗದ ಎದುರು ಸ್ಥಿತಿ ಬರೆದಿರುತ್ತದೆ. 'ಆರ್ಫನ್' ಅಂದರೆ ನೋಡಿಕೊಳ್ಳುವವರಿಲ್ಲ, 'ಆಬ್ಸಲೀಟ್' ಅಂದರೆ ಕಾಲ ಮುಗಿದಿದೆ. ಹಾಗಂತ ಅನಾಥ ಅಂತ ಬರೆದ ತಕ್ಷಣ ಸತ್ತಿದೆ ಅಂತಲ್ಲ. ಫ್ಲಾಪಿ ಡ್ರೈವರ್ ನೋಡಿ. 2019ರಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ಅದನ್ನು ಆರ್ಫನ್ ಅಂತ ಗುರುತು ಮಾಡಿದರು. ಕೆಲಸ ಮಾಡುವ ನಿಜವಾದ ಫ್ಲಾಪಿ ಡ್ರೈವ್ ಸಿಗುವುದೇ ಆಗ ಕಷ್ಟವಾಗಿತ್ತು. ಆದರೂ ಕೋಡ್ ತೆಗೆಯಲಿಲ್ಲ. ಯಾಕೆ? ವರ್ಚುವಲ್ ಮಷೀನ್‌ಗಳು ಇನ್ನೂ ಫ್ಲಾಪಿ ಇದೆ ಅಂತ ನಟಿಸುತ್ತವೆ, ಆ ನಟನೆಗೆ ಈ ಡ್ರೈವರ್ ಬೇಕು. ಆಮೇಲೆ ಇನ್ನೊಬ್ಬರು ಬಂದು ಅದರ ಹೊಣೆ ಹೊತ್ತರು ಕೂಡ.

ಇಟ್ಟುಕೊಂಡರೆ ಖರ್ಚು ಏನು?

"ಇರಲಿ ಬಿಡಿ, ಯಾರಿಗೇನು ತೊಂದರೆ" ಅನ್ನುವವರು ಇದ್ದಾರೆ. ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಕಾನ್ಫಿಗ್‌ನಲ್ಲಿ ಆಫ್ ಮಾಡಿದ ಡ್ರೈವರ್ ನಿಮ್ಮ ಕರ್ನಲ್ ಇಮೇಜಿಗೆ ಒಂದು ಬೈಟ್ ಕೂಡ ಸೇರಿಸುವುದಿಲ್ಲ. ನಿಮ್ಮ ಉದ್ದೇಶ ಬರೀ ಇಮೇಜ್ ಸಣ್ಣದು ಮಾಡುವುದಾದರೆ ಕೋಡ್ ಕೀಳಬೇಡಿ, ಕಾನ್ಫಿಗ್ ಆಫ್ ಮಾಡಿ ಸಾಕು. ಹುಡುಗರು ಈ ಎರಡನ್ನು ಯಾವಾಗಲೂ ಬೆರೆಸುತ್ತಾರೆ.

ಖರ್ಚು ಬೀಳುವುದು ಜನರ ಸಮಯಕ್ಕೆ. ಕರ್ನಲ್ ಒಳಗಿನ ಎಪಿಐ ಬದಲಾದಾಗ ಬದಲಿಸುವವರೇ ಎಲ್ಲ ಡ್ರೈವರ್‌ಗಳನ್ನೂ ತಿದ್ದಬೇಕು. 2017ರ ಕೊನೆಯಲ್ಲಿ ಟೈಮರ್ ಎಪಿಐ ಬದಲಾದಾಗ ಟ್ರೀ ತುಂಬ ಟೈಮರ್ ಇಟ್ಟುಕೊಂಡ ಪ್ರತಿ ಫೈಲನ್ನೂ ಮುಟ್ಟಬೇಕಾಯಿತು. ಅದರಲ್ಲಿ ಯಾರೂ ಓಡಿಸದವೂ ಇದ್ದವು. ಪರೀಕ್ಷೆ ಮಾಡಲು ಹಾರ್ಡ್‌ವೇರ್ ಇಲ್ಲದೆ ಕಣ್ಣು ಮುಚ್ಚಿ ತಿದ್ದುವ ಕೆಲಸ ಅದು. 2018ರಲ್ಲಿ ಕರ್ನಲ್ಲಿನ 4.17 ಆವೃತ್ತಿಯಲ್ಲಿ ಬ್ಲ್ಯಾಕ್‌ಫಿನ್, ಕ್ರಿಸ್, ಟೈಲ್ ಮುಂತಾದ 8 ಆರ್ಕಿಟೆಕ್ಚರ್‌ಗಳು (ಚಿಪ್ ಬಗೆಗಳು) ಒಟ್ಟಿಗೆ ಹೋದವು, 4.5 ಲಕ್ಷಕ್ಕೂ ಜಾಸ್ತಿ ಸಾಲು. ಅಷ್ಟು ಸಾಲನ್ನು ಮುಂದೆ ಯಾರೂ ಸುಮ್ನೆ ತಿದ್ದಬೇಕಾಗಿಲ್ಲ. 386 ಪ್ರೊಸೆಸರಿನ ಬೆಂಬಲ 2013ರಲ್ಲಿ 3.8ರಲ್ಲಿ ಹೋಗಿದ್ದೂ ಇಂಥದ್ದೇ ಲೆಕ್ಕ. ಲಿನಕ್ಸ್ ಹುಟ್ಟಿದ್ದೇ ಆ ಚಿಪ್ ಮೇಲೆ. ಆದರೆ 486ರಿಂದ ಬಂದ ಕೆಲವು ಇನ್‌ಸ್ಟ್ರಕ್ಷನ್‌ಗಳು ಅದರಲ್ಲಿ ಇರಲಿಲ್ಲ, ಅದಕ್ಕೋಸ್ಕರ ಬೇರೆ ದಾರಿಯ ಕೋಡ್ ಇಟ್ಟುಕೊಳ್ಳಬೇಕಿತ್ತು. ಹುಟ್ಟೂರು ಅನ್ನುವ ಮೋಹಕ್ಕೆ ಅಲ್ಲಿ ಜಾಗ ಸಿಗಲಿಲ್ಲ.

ಎರಡನೆಯ ಖರ್ಚು ಭದ್ರತೆ. ಡಿಸಿಸಿಪಿ ಅಂತ ಒಂದು ನೆಟ್‌ವರ್ಕ್ ಪ್ರೊಟೊಕಾಲ್ ಇತ್ತು, ಬಳಸುವವರು ತೀರಾ ಕಮ್ಮಿ. ಆದರೆ ಎಷ್ಟೋ ಡಿಸ್ಟ್ರೋಗಳು (ಉಬುಂಟುವಿನಂಥ ಸಿದ್ಧ ಲಿನಕ್ಸ್‌ಗಳು) ಅದನ್ನು ಮಾಡ್ಯೂಲಾಗಿ ಕಟ್ಟಿ ಕೊಡುತ್ತಿದ್ದವು. ಯಾರಾದರೂ ಆ ಬಗೆಯ ಸಾಕೆಟ್ ತೆರೆದರೆ ಮಾಡ್ಯೂಲ್ ತಾನಾಗಿ ಲೋಡ್ ಆಗುತ್ತಿತ್ತು. 2005ರಿಂದ ಅದರೊಳಗೆ ಕೂತಿದ್ದ ಒಂದು ತಪ್ಪು 2017ರಲ್ಲಿ ಬಯಲಿಗೆ ಬಂತು. ಮಷೀನಿನಲ್ಲಿ ಸಾಮಾನ್ಯ ಲಾಗಿನ್ ಇದ್ದವರು ಅದನ್ನು ಹಿಡಿದು ರೂಟ್, ಅಂದರೆ ಮಷೀನಿನ ಪೂರ್ತಿ ಯಜಮಾನ, ಆಗಬಹುದಿತ್ತು. ನೀವು ಬಳಸದೆ ಇರಬಹುದು, ಕಳ್ಳ ಬಳಸುತ್ತಾನೆ. 2025ರಲ್ಲಿ ಡಿಸಿಸಿಪಿಯನ್ನು ಕಿತ್ತೇ ಹಾಕಿದರು.

ಆದ್ದರಿಂದ ಲೆಕ್ಕ ಹೀಗೆ ಹಾಕಿ. ತಾನಾಗಿ ಲೋಡ್ ಆಗುತ್ತದೆ, ಹೊರಗಿನ ಡೇಟಾ ಓದುತ್ತದೆ, ನೋಡಿಕೊಳ್ಳುವವರಿಲ್ಲ: ಈ ಮೂರೂ ಇದ್ದರೆ ತೆಗೆಯುವ ಕಡೆ ತಕ್ಕಡಿ ಜೋರಾಗಿ ವಾಲುತ್ತದೆ. ತನ್ನ ಪಾಡಿಗೆ ಮೂಲೆಯಲ್ಲಿರುವ, ಬೇರೆ ಯಾರ ಬದಲಾವಣೆಗೂ ಅಡ್ಡ ಬರದ 300 ಸಾಲಿನ ಡ್ರೈವರ್ ಆದರೆ ಅವಸರ ಬೇಡ.

ನನ್ನ ಎಡವಟ್ಟು

ಈಗ ಕಥೆ. ಚಿಕ್ಕಮಗಳೂರು ಕಡೆಯ ಒಂದು ಕಾಫಿ ಯಾರ್ಡಿಗೆ ನಾವು ತೂಕದ ಪೆಟ್ಟಿಗೆ ಮಾಡಿಕೊಟ್ಟಿದ್ದೆವು. ಮೂಟೆ ಕಾಟಾ, ಲಾರಿ ಕಾಟಾ ಎರಡರಿಂದಲೂ ಸೀರಿಯಲ್ ವೈರಿನಲ್ಲಿ ತೂಕ ಬರುತ್ತದೆ, ನಮ್ಮ ಪೆಟ್ಟಿಗೆ ಅದನ್ನು ಓದಿ ಬಿಲ್ ಹೊಡೆಯುತ್ತದೆ. ಒಳಗೆ ಹಳೆಯ ಪಿಸಿಐ ಮಲ್ಟಿಪೋರ್ಟ್ ಸೀರಿಯಲ್ ಕಾರ್ಡ್.

ನಮ್ಮ ಎಲ್ಲ ಪೆಟ್ಟಿಗೆಗಳೂ ವಾರಕ್ಕೊಮ್ಮೆ ಯಾವ ಯಾವ ಮಾಡ್ಯೂಲ್ ಲೋಡ್ ಆಗಿದೆ ಅಂತ ಪಟ್ಟಿ ಕಳಿಸುತ್ತವೆ. ಒಂದು ಆಗಸ್ಟ್‌ನಲ್ಲಿ ನಾನು ಮೂರು ತಿಂಗಳ ಪಟ್ಟಿ ತೆಗೆದು ನೋಡಿದೆ. ಆ ಕಾರ್ಡಿನ ಡ್ರೈವರ್ ಎಲ್ಲೂ ಇಲ್ಲ. ಟ್ರೀಯಿಂದ ಕಿತ್ತೆ. ಬಹಳ ಶಿಸ್ತಿನ ಕೆಲಸ ಮಾಡಿದೆ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ನವೆಂಬರ್ ಕೊನೆಯಲ್ಲಿ ಅರೇಬಿಕಾ ಕುಯ್ಲು ಶುರುವಾಯಿತು. ಯಾರ್ಡಿನ ಲೆಕ್ಕ ಬರೆಯುವ ರೈಟ್ರು ಧೂಳು ಒರೆಸಿ ಪೆಟ್ಟಿಗೆ ಆನ್ ಮಾಡಿದರು. ರಾತ್ರಿ ಅದು ತಾನಾಗಿ ಹೊಸ ಕರ್ನಲ್ ಹಾಕಿಕೊಂಡಿತು. ಬೆಳಿಗ್ಗೆ ಫೋನ್.

"ಸಾರ್, ಕಾಟಾದಲ್ಲಿ ನಂಬರ್ ಬರ್ತಿದೆ. ನಿಮ್ಮ ಪೆಟ್ಟಿಗೆಯಲ್ಲಿ ಬರ್ತಿಲ್ಲ."

"ರೈಟ್ರೇ, ವೈರ್ ಸಡಿಲ ಆಗಿದ್ಯಾ ನೋಡಿ."

"ವೈರ್ ಎಲ್ಲ ನೋಡ್ದೆ ಸಾರ್. ಹೊರಗೆ ಐದು ಗಾಡಿ ನಿಂತವೆ."

ಯಾರ್ಡ್ ಮಳೆಗಾಲದಲ್ಲಿ ಬಾಗಿಲು ಹಾಕಿರುತ್ತದೆ. ಪೆಟ್ಟಿಗೆ ಆಫ್ ಇತ್ತು, ಅದಕ್ಕೇ ಪಟ್ಟಿ ಕಳಿಸಿರಲಿಲ್ಲ. ಬರದ ಪಟ್ಟಿಯನ್ನು ನಾನು 'ಬಳಕೆ ಇಲ್ಲ' ಅಂತ ಓದಿಕೊಂಡಿದ್ದೆ. ಸಾಲದ್ದಕ್ಕೆ, ಜಾಗ ಉಳಿಸಲು ಪೆಟ್ಟಿಗೆಯಲ್ಲಿ ಒಂದೇ ಕರ್ನಲ್ ಇಡುತ್ತಿದ್ದೆವು. ಹಳೆಯದಕ್ಕೆ ಬೂಟ್ ಮಾಡಿ ಅಂತ ಹೇಳಲೂ ದಾರಿ ಇರಲಿಲ್ಲ. ಪೆನ್ ಡ್ರೈವ್ ಜೇಬಿಗೆ ಹಾಕಿಕೊಂಡು ಬೇಲೂರು ಮೇಲೆ ಸುಮಾರು 60 ಕಿಲೋಮೀಟರ್ ಓಡಿದೆ. ಅಷ್ಟರವರೆಗೆ ರೈಟ್ರು ಬಿಲ್ ಪುಸ್ತಕದಲ್ಲಿ ಕೈಯಲ್ಲೇ ಬರೆದರು. ನಾನು ಹೋದಾಗ ಕಾರ್ಬನ್ ಹಾಳೆಯ ನೀಲಿ ಬೆರಳಿಗೆಲ್ಲ ಮೆತ್ತಿತ್ತು. ಬೈಯಲಿಲ್ಲ. ಕಾಫಿ ಕೊಟ್ಟರು. ಅದು ಇನ್ನೂ ಜಾಸ್ತಿ ನಾಚಿಕೆ.

ಇದರಿಂದ ಮೂರು ಅಭ್ಯಾಸ ಬಂತು. ಬಳಕೆ ಲೆಕ್ಕ ಹಾಕುವಾಗ ಕನಿಷ್ಠ 13 ತಿಂಗಳ ಪಟ್ಟಿ ನೋಡುತ್ತೇವೆ. ಕುಯ್ಲು, ಪರೀಕ್ಷೆ, ಜಾತ್ರೆ, ಮಾರ್ಚ್ ಲೆಕ್ಕ, ಎಷ್ಟೋ ಯಂತ್ರ ವರ್ಷಕ್ಕೊಮ್ಮೆ ಮಾತ್ರ ಕಣ್ಣು ಬಿಡುತ್ತದೆ. ಎರಡು, ಪಟ್ಟಿ ಕಳಿಸದ ಪೆಟ್ಟಿಗೆಗಳನ್ನು ಬೇರೆ ಎಣಿಸಿ ಒಂದೊಂದಕ್ಕೂ ಫೋನ್ ಮಾಡುತ್ತೇವೆ. ಮೂರು, ಹಿಂದಿನ ಕರ್ನಲ್ ಒಂದು ಯಾವಾಗಲೂ ಬೂಟ್ ಮೆನುವಿನಲ್ಲಿ ಇರುತ್ತದೆ.

ಪ್ರೋಗ್ರಾಮ್‌ಗಳು ಮುಟ್ಟುವ ಕೋಡ್

ಲಿನಕ್ಸಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇದೆ: ಓಡುತ್ತಿದ್ದ ಪ್ರೋಗ್ರಾಮ್ ಕರ್ನಲ್ ಬದಲಾಯಿಸಿದ್ದಕ್ಕೆ ನಿಲ್ಲಬಾರದು. ಆದ್ದರಿಂದ ಇಲ್ಲಿ ತೂಕದ ಕಲ್ಲೇ ಬೇರೆ. ಸಿಸ್‌ಎಫ್‌ಎಸ್ ಫೈಲ್ ತೆಗೆಯುವ ಮುಂಚೆ ಡಾಕ್ಯುಮೆಂಟೇಶನ್ ಒಳಗಿನ ಎಬಿಐ ಫೋಲ್ಡರ್ ನೋಡಿ, ಸ್ಟೇಬಲ್, ಟೆಸ್ಟಿಂಗ್, ಆಬ್ಸಲೀಟ್, ರಿಮೂವ್ಡ್ ಅಂತ ವಿಂಗಡಿಸಿ ಇಟ್ಟಿದ್ದಾರೆ. ಸಿಸ್ಟಮ್ ಕಾಲ್ ತೆಗೆದರೂ ಅದರ ನಂಬರನ್ನು ಬೇರೆಯವರಿಗೆ ಕೊಡುವುದಿಲ್ಲ. 'ಸಿಸ್‌ಸಿಟಿಎಲ್' ಸಿಸ್ಟಮ್ ಕಾಲ್ 5.5ರಲ್ಲಿ ಹೋಯಿತು, ಎಕ್ಸ್86-64ರಲ್ಲಿ ಅದರ 156ನೇ ನಂಬರ್ ಖಾಲಿ ಸೀಟಿನ ಹಾಗೆ ಹಾಗೇ ಉಳಿದಿದೆ. ಹೊಸಬರು ಈ ಜಾತಿಯ ಕೋಡನ್ನು ಮೊದಲ ಪ್ಯಾಚಿಗೆ ಆರಿಸಿಕೊಳ್ಳಬೇಡಿ.

ಒಂದೇ ಏಟಿಗೆ ಬೇಡ

ಜನ ಬಳಸುತ್ತಿರಬಹುದು ಅನ್ನುವ ಸಣ್ಣ ಅನುಮಾನ ಇದ್ದರೂ ಹಂತ ಹಂತವಾಗಿ ಹೋಗಿ. ರೈಸರ್‌ಎಫ್‌ಎಸ್ ಫೈಲ್ ಸಿಸ್ಟಮ್ ಹೋದ ಬಗೆ ಪಾಠದ ಹಾಗಿದೆ. 2022ರಲ್ಲಿ ಇದು ಹೋಗಲಿದೆ ಅಂತ ಘೋಷಿಸಿದರು. ಇನ್ನೂ ಬಳಸುತ್ತಿದ್ದೇವೆ, ಸಮಯ ಬೇಕು ಅಂದವರು ಇದ್ದರು. ಮೌಂಟ್ ಮಾಡಿದಾಗ ಎಚ್ಚರಿಕೆಯ ಸಾಲು ಬರುವಂತೆ ಮಾಡಿ, ಗಡುವು ಹೇಳಿ, 2025ರ ಜನವರಿಯಲ್ಲಿ ಬಂದ 6.13ರಲ್ಲಿ ತೆಗೆದರು. ಡಿಸ್ಕಿನಲ್ಲಿ ಜನರ ಡೇಟಾ ಇರುವ ವಿಷಯ ಆದ್ದರಿಂದ ಅಷ್ಟು ತಾಳ್ಮೆ ಬೇಕಿತ್ತು.

ನೀವೂ ಹಾಗೇ ಮಾಡಿ. ಮೊದಲು ಕೆಕಾನ್ಫಿಗ್ (ಕರ್ನಲ್ ಕಟ್ಟುವಾಗ ಆರಿಸುವ ಆಯ್ಕೆಗಳ ಫೈಲ್) ವಿವರಣೆಯಲ್ಲಿ 'ಇಂಥ ವರ್ಷ ತೆಗೆಯುತ್ತೇವೆ' ಅಂತ ಬರೆಯಿರಿ. ಲೋಡ್ ಆದಾಗ ಒಂದೇ ಒಂದು ಸಲ ಎಚ್ಚರಿಕೆ ಅಚ್ಚಾಗಲಿ, ಅದರಲ್ಲಿ ಯಾರನ್ನು ಸಂಪರ್ಕಿಸಬೇಕು ಅಂತಲೂ ಇರಲಿ. ಆ ಎಚ್ಚರಿಕೆ ಕನಿಷ್ಠ ಒಂದು ಎಲ್‌ಟಿಎಸ್ (ವರ್ಷಗಟ್ಟಲೆ ತಿದ್ದುಪಡಿ ಸಿಗುವ) ಆವೃತ್ತಿಯಲ್ಲಿ ಇರಬೇಕು. ಫ್ಯಾಕ್ಟರಿ, ಲ್ಯಾಬ್‌ಗಳಲ್ಲಿ ಜನ ಒಂದು ಎಲ್‌ಟಿಎಸ್‌ನಿಂದ ಇನ್ನೊಂದಕ್ಕೆ ಜಿಗಿಯುತ್ತಾರೆ, ನಡುವಿನ ಆವೃತ್ತಿಗಳಲ್ಲಿ ನೀವು ಎಷ್ಟು ಕೂಗಿದರೂ ಅವರ ಕಿವಿಗೆ ಬೀಳುವುದಿಲ್ಲ.

ಪ್ಯಾಚ್ ಬರೆಯುವಾಗ

ಒಂದು ಪ್ಯಾಚಿನಲ್ಲಿ ಒಂದೇ ವಸ್ತು ತೆಗೆಯಿರಿ. "ಹೇಗೂ ಬಂದಿದ್ದೀನಲ್ಲ" ಅಂತ ಪಕ್ಕದ ಕೋಡ್ ಚೆಂದ ಮಾಡಲು ಹೋಗಬೇಡಿ. ನಾಳೆ ಯಾರಾದರೂ ಬೇಕು ಅಂದರೆ ಒಂದು ಗಿಟ್ ರಿವರ್ಟ್‌ನಲ್ಲಿ ವಾಪಸ್ ಬರಬೇಕು. ಕೋಡ್ ಜೊತೆ ಅದರ ಬಾಲಗಳೂ ಹೋಗಲಿ: ಕೆಕಾನ್ಫಿಗ್ ನಮೂದು, ಮೇಕ್‌ಫೈಲ್ ಸಾಲು, ಹೆಡರ್‌ನಲ್ಲಿನ ಘೋಷಣೆ, ಡೆಫ್‌ಕಾನ್ಫಿಗ್‌ಗಳಲ್ಲಿ ಉಳಿದ ಹೆಸರು, ಡಾಕ್ಯುಮೆಂಟೇಶನ್, ಮೇಂಟೇನರ್ಸ್ ನಮೂದು. ದೊಡ್ಡ ಫೈಲ್ ಅಳಿಸುವಾಗ ಗಿಟ್ ಫಾರ್ಮ್ಯಾಟ್-ಪ್ಯಾಚ್‌ಗೆ 'ಇರಿವರ್ಸಿಬಲ್-ಡಿಲೀಟ್' ಆಯ್ಕೆ ಕೊಟ್ಟರೆ ಅಳಿಸಿದ ಸಾವಿರಾರು ಸಾಲು ಮೇಲ್‌ನಲ್ಲಿ ಬರುವುದಿಲ್ಲ, ಓದುವವರಿಗೆ ಅನುಕೂಲ.

ಕಮಿಟ್ ಸಂದೇಶದಲ್ಲಿ ಬರೀ "ಬಳಕೆಯಲ್ಲಿಲ್ಲ" ಅಂತ ಬರೆದರೆ ನಾನಂತೂ ವಾಪಸ್ ಕಳಿಸುತ್ತೇನೆ. ಕೊನೆಯ ಬಳಕೆ ಯಾವ ಕಮಿಟ್‌ನಲ್ಲಿ ಹೋಯಿತು, ಎಲ್ಲೆಲ್ಲಿ ಹುಡುಕಿದಿರಿ, ಯಾವ ಯಾವ ಆರ್ಕಿಟೆಕ್ಚರಿಗೆ ಕಟ್ಟಿದಿರಿ, ಯಾರನ್ನು ಕೇಳಿದಿರಿ, ಇಷ್ಟು ಬೇಕು. ಕೊನೆಯ ಬಳಕೆ ಹೋದ ಕಮಿಟ್ ಹುಡುಕಲು ಗಿಟ್ ಲಾಗ್‌ಗೆ ದೊಡ್ಡ ಎಸ್ ಆಯ್ಕೆ ಕೊಟ್ಟು ಹೆಸರು ಹಾಕಿ, ಆ ಹೆಸರು ಎಲ್ಲಿ ಬಂತು, ಎಲ್ಲಿ ಹೋಯಿತು ಅಂತ ಅದೇ ತೋರಿಸುತ್ತದೆ.

ಬಿಡೋದು ಅಂತಾದರೆ

ಇಷ್ಟೆಲ್ಲ ಹುಡುಕಿ, ಕೊನೆಗೆ ಇರಲಿ ಅಂತ ತೀರ್ಮಾನ ಮಾಡುವುದೂ ಉಂಟು. ಆಗ ಸುಮ್ಮನೆ ಎದ್ದು ಹೋಗಬೇಡಿ. ಯಾಕೆ ಉಳಿಸಿದಿರಿ ಅಂತ ಕೋಡಿನ ಪಕ್ಕದಲ್ಲೇ ಬರೆದಿಡಿ. ಇಲ್ಲದಿದ್ದರೆ ಮುಂದಿನ ವರ್ಷ ಇನ್ನೊಬ್ಬ ಹುಡುಗ ಅದೇ ಫೈಲ್ ತೆರೆದು, ಅದೇ ಗ್ರೆಪ್ ಮಾಡಿ, ಅದೇ ಪ್ರಶ್ನೆ ಹಿಡಿದುಕೊಂಡು ಬರುತ್ತಾನೆ. ನಮ್ಮ ಟ್ರೀಯಲ್ಲಿ ಆ ಸೀರಿಯಲ್ ಕಾರ್ಡಿನ ಡ್ರೈವರ್ ಈಗಲೂ ಇದೆ. ಫೈಲಿನ ತಲೆಯಲ್ಲಿ ಹೀಗೆ ಬರೆದಿದ್ದೇನೆ: "ಚಿಕ್ಕಮಗಳೂರು ಯಾರ್ಡ್. ನವೆಂಬರಿಂದ ಮಾರ್ಚ್ ಮಾತ್ರ ಓಡುತ್ತದೆ. ತೆಗೆಯುವ ಮುಂಚೆ ರೈಟ್ರಿಗೆ ಫೋನ್ ಮಾಡಿ, ಮೆಸೇಜ್ ಸಾಲದು."